ಬಾಣಂತಿಗೆಂದು ಬಿತ್ತಿದ ಸಬ್ಬಸಗಿ

ನನ್ನ ಅವ್ವ ನನ್ನನ್ನು ಹೇಗೆ ಬೆಳೆಸಿದಳು ಎಂಬ ಮಾತು ಬಿಡಿ, ಸಬ್ಬಸಗಿಯನ್ನು ಮಾತ್ರ ಬಹಳ ಚೆನ್ನಾಗಿ ಬೆಳೆಸುತ್ತಿದ್ದಳು. ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಹಿತ್ತಲಿದ್ದ ಮನೆಗಳು ಬೇಕಾದಷ್ಟಿದ್ದವು. ಎಲ್ಲರೂ ಸಬ್ಬಸಗಿ ಬಿತ್ತುತ್ತಿದ್ದರು. ಎಲ್ಲರದ್ದೂ ಗೇಣುದ್ದ ಬಂದು, ಹಳದಿ ಹೂವಿನ ಕೊಡೆ ಬಿಚ್ಚಿ, ಬಲಿತು ಹಾಳಾಗುತ್ತಿತ್ತು. ಅವ್ವನ ಮಡಿಯಲ್ಲಿ ಅದು ಮೊಣಕಾಲ ಮಟ್ಟ ಬಂದರೂ ಎಳೆಯದಾಗಿಯೇ ಇರುತ್ತಿತ್ತು. ಹೆಂಗಸರು ಗೋಡೆಯಾಚೆಯಿಂದ ಕತ್ತು ಚಾಚಿ, "ಅದ್ಹೆಂಗ ಬೆಳಸ್ತೀಯವ್ವಾ, ನಮಗೂ ಒಂದೀಟು ಹೇಳ" ಎಂದು ಕೇಳಿದರೆ, "ನಿಮ್ಮ ಕೈಯಾಗ ಹುಲ್ಲು ಸುದ್ದಾ ಬೆಳಿಯೂದಿಲ್ಲ, ಹೋಗ್ರಿ" ಎನ್ನುತ್ತಿದ್ದಳು. ಅದನ್ನು ನಗುತ್ತ ಹೇಳುತ್ತಿರಲಿಲ್ಲ, ಹಾಗಾಗಿ ಎರಡನೆಯ ಸಲ ಯಾರೂ ಕೇಳುತ್ತಿರಲಿಲ್ಲ.

ಈಗ ಅವ್ವ ಇಲ್ಲ. ನನ್ನ ಹಿತ್ತಲಿನ ಸೊಪ್ಪು ನೋಡಿ ಜನ ನನ್ನನ್ನು ಕೇಳುತ್ತಾರೆ, ನಾನು ಮುಚ್ಚಿಡುವುದಿಲ್ಲ. ಅವಳ ಹಾಗೆ ಎಲ್ಲವನ್ನೂ ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋಗುವ ಆಸೆ ನನಗಿಲ್ಲ. ಅಂಗಡಿಯ ಬೀಜ ಬೇಡ, ಅದು ಡಬ್ಬಿಯಲ್ಲಿ ಕೂತು ಎಷ್ಟು ವರ್ಷವಾಯಿತೆಂದು ಮಾರುವವನಿಗೇ ಗೊತ್ತಿರುವುದಿಲ್ಲ. ಮಡಿಯ ಮೂಲೆಯಲ್ಲಿ ಕೆಲವು ಗಿಡಗಳನ್ನು ಬೀಜಕ್ಕೆಂದೇ ಬಿಡಿ, ತೆನೆ ಕಂದು ಬಣ್ಣಕ್ಕೆ ತಿರುಗಿದಾಗ ಕೊಯ್ದು, ನೆರಳಲ್ಲಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ ಇಟ್ಟುಕೊಳ್ಳಿ. ಬಿತ್ತಲು ಬಿಸಿಲು ಬೀಳುವ ಜಾಗ ಹುಡುಕಿ. ಬೇವಿನ ಮರದ ಬುಡದಲ್ಲಿ ಬಿತ್ತಿ ಆಮೇಲೆ ನನ್ನ ಮುಂದೆ ಬಂದು ಅಳಬೇಡಿ. ಹಳೆಯ ಕುರಿಗೊಬ್ಬರವನ್ನು ಪುಡಿ ಮಾಡಿ ಮಣ್ಣಿಗೆ ಸೇರಿಸಿ, ಹೆಂಟೆ ಒಂದೂ ಉಳಿಯದಂತೆ ಒಡೆಯಿರಿ. ಬೀಜವನ್ನು ಉಸುಕಿನ ಜೊತೆ ಕಲಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗಿ ಬೀಳುವುದಿಲ್ಲ. ಮೇಲೆ ಮಣ್ಣು ಹೇರಬೇಡಿ, ಕಸಬರಿಗೆಯ ತುದಿಯಿಂದ ಒಮ್ಮೆ ಸವರಿದರೆ ಸಾಕು. ನೀರನ್ನು ಕೊಡದಿಂದ ದಬದಬನೆ ಸುರಿದರೆ ಬೀಜವೆಲ್ಲ ಮೂಲೆಗೆ ಹೋಗಿ ಸೇರುತ್ತದೆ, ಕೈಯಿಂದ ಚಿಮುಕಿಸಬೇಕು.

ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಸೋಲುವುದು ಮುಂದಿನ ಕೆಲಸದಲ್ಲಿ. ಸಬ್ಬಸಗಿ ಒತ್ತೊತ್ತಾಗಿ ಹುಟ್ಟುತ್ತದೆ. ಹುಟ್ಟಿದ್ದನ್ನೆಲ್ಲ ಉಳಿಸಿಕೊಳ್ಳುತ್ತೇನೆಂದರೆ ಎಲ್ಲವೂ ಸಣಕಲಾಗಿ ಒಂದರ ಮೇಲೊಂದು ಬೀಳುತ್ತವೆ. ನಡುವಿನದನ್ನು ಕೀಳಬೇಕು. ಕಿತ್ತದ್ದನ್ನು ಇನ್ನೊಂದು ಕಡೆ ನೆಡುತ್ತೇನೆಂಬ ಆಸೆಯನ್ನೂ ಬಿಡಬೇಕು, ಅದರ ಬೇರು ಒಮ್ಮೆ ಅಲುಗಿದರೆ ಮುಗಿಯಿತು. ಚಿಕ್ಕವಳಿದ್ದಾಗ ನಾನು ಅವ್ವ ಕಿತ್ತೆಸೆದ ಸಸಿಗಳನ್ನು ಆರಿಸಿ ಬಚ್ಚಲ ಹಿಂದೆ ನೆಟ್ಟು ನೀರು ಹಾಕುತ್ತಿದ್ದೆ. ಅವ್ವ ನೋಡಿದ ಕೂಡಲೇ ಅವನ್ನೂ ಕಿತ್ತು ಒಗೆಯುತ್ತಿದ್ದಳು. "ಸಾಯೂದಕ್ಕ ನೀರು ಹಾಕಿ ಯಾಕ ಜೀಂವ ಹಿಡಸ್ತಿ, ಮಂಗ್ಯಾ?" ಎನ್ನುತ್ತಿದ್ದಳು. ಕೀಳಲು ಕೂತರೆ ಅವಳ ಕೈ ಒಮ್ಮೆಯೂ ತಡೆಯುತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಸಬ್ಬಸಗಿ ಎಂದರೆ ಬಾಣಂತಿಯ ಸೊಪ್ಪು. ಹೆತ್ತವಳಿಗೆ ಹಾಲು ಇಳಿಯಬೇಕಾದರೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಸಬ್ಬಸಗಿ ಪಲ್ಯ ಬೇಕೇ ಬೇಕು. ಆದರೆ ಸಂತೆಯ ಸೊಪ್ಪನ್ನು ಬಾಣಂತಿಯ ಬಾಯಿಗೆ ಇಡುವಂತಿರಲಿಲ್ಲ. ಅದು ಗಟಾರದ ನೀರಿನಲ್ಲಿ ಬೆಳೆದದ್ದು ಎಂಬುದು ಓಣಿಯ ಎಲ್ಲ ಮುದುಕಿಯರ ತೀರ್ಮಾನ. ಹಾಗಾಗಿ ಮಗಳ ಚೊಚ್ಚಲ ಬಾಣಂತನಕ್ಕೆ ತವರಿನ ಹಿತ್ತಲಲ್ಲೇ ಸೊಪ್ಪು ತಯಾರಾಗಬೇಕು. ಹೆರಿಗೆಗೆ ಒಂದೂವರೆ ತಿಂಗಳು ಇದೆ ಎನ್ನುವಾಗ ಮೊದಲ ಮಡಿ, ಅದು ಮೊಳೆತು ನಿಂತ ಮೇಲೆ ಎರಡನೆಯದು, ಆಮೇಲೆ ಮೂರನೆಯದು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಕೊಯ್ಲಿಗೆ ಬರಬೇಕು. ಯಾರ ಮಗಳು ಯಾವಾಗ ಹೆರುತ್ತಾಳೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಗೋಡೆಯ ಮೇಲಿಂದ ಸಬ್ಬಸಗಿಯ ಎತ್ತರ ನೋಡಿದರೆ ತಿಳಿಯುತ್ತಿತ್ತು.

ಎಂಬತ್ತರ ದಶಕದ ನಡುವಿನ ಒಂದು ವರ್ಷ, ಸೀಗಿ ಹುಣ್ಣಿಮೆ ಮುಗಿದು ತಿಂಗಳಾದ ಮೇಲೆ, ನಾನು ಚೊಚ್ಚಲ ಹೆರಿಗೆಗೆಂದು ಕುಪ್ಪೇಲೂರಿನ ಗಂಡನ ಮನೆಯಿಂದ ತವರಿಗೆ ಬಂದಿಳಿದೆ. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಮನೆಯಲ್ಲಿ ಇದ್ದವಳು ಅವ್ವ ಒಬ್ಬಳೇ, ಅವಳಿಗೆ ಇದ್ದವಳು ನಾನೊಬ್ಬಳೇ. ಬಾಗಿಲಲ್ಲಿ ನಿಂತ ನನ್ನ ಹೊಟ್ಟೆಯನ್ನು ಮೇಲೆ ಕೆಳಗೆ ನೋಡಿದಳು. "ಕಾಲು ತೊಳಕೊಂಡು ಕುಂದ್ರು. ನಾ ಮಡಿ ಅಗೀತೇನಿ" ಎಂದು ಗುದ್ದಲಿ ಹಿಡಿದು ಹಿತ್ತಲಿಗೆ ಹೋದಳು. ಕುಡಿಯಲು ನೀರನ್ನು ನಾನೇ ತೆಗೆದುಕೊಂಡೆ.

ಹಿತ್ತಲ ಗೋಡೆಯ ಆಚೆಗೆ ಒಂದು ಮುಸ್ಲಿಂ ಮನೆ. ಆ ಮನೆಯ ಮುದುಕಿಯನ್ನು ನಾವೆಲ್ಲ ನಾನಿ ಎನ್ನುತ್ತಿದ್ದೆವು. ಅವಳ ಮಗಳನ್ನು ಬ್ಯಾಡಗಿಗೆ ಕೊಟ್ಟಿದ್ದರು, ಅಳಿಯ ಅಲ್ಲಿನ ಮೆಣಸಿನಕಾಯಿ ಪ್ಯಾಟೆಯಲ್ಲಿ ಚೀಲ ಹೊಲಿಯುವ ಕೆಲಸದಲ್ಲಿದ್ದ. ಆ ಹುಡುಗಿಯೂ ಹೊಟ್ಟೆ ಹೊತ್ತು ತವರಿಗೆ ಬಂದಿದ್ದಳು. ನಾನಿಯ ಹಿತ್ತಲಿಗೆ ಪೂರ್ತಿ ಕಲ್ಲು ಹಾಸಿದ್ದರು, ಬಿತ್ತಲು ಒಂದು ಹಿಡಿ ಮಣ್ಣಿರಲಿಲ್ಲ. "ನಮ್ಮ ಕಡಿ ಬರೇ ಕಲ್ಲು ಅದ ಅಕ್ಕಾ, ಏನು ಮಾಡ್ಲಿ?" ಎಂದು ನಾನಿ ಗೋಡೆಯಾಚೆಯಿಂದ ಕೇಳಿದಳು. ಅವ್ವ ಅಗೆಯುತ್ತಿದ್ದವಳು ತಲೆ ಎತ್ತಲಿಲ್ಲ. "ಕಲ್ಲಿನ ಮ್ಯಾಲ ಮೆಣಸಿನಕಾಯಿ ಒಣಗಸ. ನಿನ್ನ ಮಗಳ ಸೊಪ್ಪೂ ನಾನ ಬೆಳೀತೇನಿ, ಬಾಯಿ ಮುಚ್ಚಿಕೊಂಡಿರು" ಎಂದಳು. ಅವ್ವನ ಉಪಕಾರವೂ ಹೀಗೆ ಬೈದಂತೆಯೇ ಇರುತ್ತಿತ್ತು.

ಆ ವರ್ಷದಷ್ಟು ಚಂದದ ಸಬ್ಬಸಗಿಯನ್ನು ಓಣಿ ಕಂಡಿರಲಿಲ್ಲ. ಚಳಿ ಹದವಾಗಿತ್ತು. ಬೆಳಗಿನ ಮಂಜಿನಲ್ಲಿ ಎಲೆಗೆ ಹೇನು ಹತ್ತದಂತೆ ಅವ್ವ ಒಲೆಯ ಬೂದಿ ಉದುರಿಸುತ್ತಿದ್ದಳು. ಬೆಳೆದ ತುದಿಗಳನ್ನು ಉಗುರಿನಿಂದ ಚಿವುಟುತ್ತಿದ್ದಳು, ಅದಕ್ಕೇ ಅದು ಹೂವಿಗೆ ಹೋಗದೆ ಪಕ್ಕಕ್ಕೆ ಒಡೆಯುತ್ತಿತ್ತು. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಹೊಟ್ಟೆಯೊಳಗೆ ಕೂಸು ಒದೆಯುತ್ತಿತ್ತು, ನಾನು ಸುಖವಾಗಿದ್ದೆ.

ಎಳ್ಳಮಾಸೆ ಹತ್ತಿರ ಬಂದಾಗ ನಾನು ಹೆತ್ತೆ. ಗಂಡು ಕೂಸು, ಅಳಲಿಲ್ಲ. ಸೂಲಗಿತ್ತಿ ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಬಡಿದಳು, ತಣ್ಣೀರು ಹೊಡೆದಳು, ಕಿವಿಯ ಹತ್ತಿರ ತಟ್ಟೆ ಬಾರಿಸಿದಳು. ಅದಕ್ಕೆ ಅಳುವ ಮನಸ್ಸೇ ಇರಲಿಲ್ಲ. ಅವ್ವ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೊರಗೆ ಹೋದಳು, ಬರಿಗೈಯಲ್ಲಿ ಬಂದಳು. ಮುಖ ತೋರಿಸು ಎಂದು ನಾನು ಕಿರುಚಿದ್ದೆ. "ನೋಡಿ ಏನು ಮಾಡಾಕಿ?" ಎಂದಳು. ನಾನು ಹೆತ್ತ ಮಗನ ಮುಖ ನನಗೆ ಗೊತ್ತಿಲ್ಲ. ಅದೇ ವಾರ ಗೋಡೆಯಾಚೆ ನಾನಿಯ ಮಗಳೂ ಹೆತ್ತಳು. ಅವಳದ್ದೂ ಗಂಡು. ಅದು ಅತ್ತಿತು. ಓಣಿಯ ಆ ತುದಿಗೆ ಕೇಳುವ ಹಾಗೆ ಅತ್ತಿತು.

ಸುದ್ದಿ ಕೇಳಿ ಕುಪ್ಪೇಲೂರಿನಿಂದ ಅತ್ತೆ ಬಂದಳು. ನಾನು ಮಲಗಿದ್ದ ಕೋಣೆಗೆ ಬರಲಿಲ್ಲ, ನೇರವಾಗಿ ಹಿತ್ತಲಿಗೆ ಹೋಗಿ ನಿಂತಳು. ಕಿಟಕಿಯಿಂದ ನನಗೆ ಎಲ್ಲವೂ ಕೇಳುತ್ತಿತ್ತು.

"ಸೊಪ್ಪು ಭಾಳ ಚಂದ ಬೆಳದೈತಿ ಬೀಗತಿ. ಕೂಸೊಂದ ಬರಲಿಲ್ಲ ನೋಡು" ಎಂದಳು.

ಓಣಿಯನ್ನೆಲ್ಲ ನಡುಗಿಸುತ್ತಿದ್ದ ನನ್ನವ್ವ ಬಗ್ಗಿ ಮಡಿಯ ಕಳೆ ಕೀಳತೊಡಗಿದಳು. ಅತ್ತೆಯೇ ಮುಂದುವರಿಸಿದಳು. "ಉಗಾದಿಯೊಳಗ ಅಕಿನ್ನ ಕಳಸು. ಹಾಲು ಬತ್ತಿಸಿ ಕಳಸು, ಎದಿ ತುಂಬಿಸಿಕೊಂಡು ಬಂದ್ರ ವರ್ಷಾನಗಟ್ಟಲೆ ಬಸರು ನಿಲ್ಲೂದಿಲ್ಲ. ನಮಗ ಕಾಯಾಕ ಆಗೂದಿಲ್ಲ. ನನ್ನ ತಮ್ಮನ ಮಗಳು ಹದಿನೆಂಟು ತುಂಬಿ ಮನ್ಯಾಗ ಕುಂತಾಳ. ಅಕಿನ್ನ ತರೂದು ನಂಗೇನು ದೊಡ್ಡ ಮಾತಲ್ಲ."

"ಉಗಾದಿಯೊಳಗ ಕಳಸ್ತೇನಿ" ಎಂದಳು ಅವ್ವ. ಅತ್ತೆ ಚಹಾ ಕುಡಿದು ಸಂಜೆಯ ಬಸ್ಸಿಗೆ ಹೋದಳು.

ಮರುದಿನ ನನಗೆ ಹಾಲು ಇಳಿಯಿತು. ಇಳಿಯಿತು ಎಂದರೆ ಏನು ಹೇಳಲಿ, ಎದೆ ಕಲ್ಲಾಗಿ, ಕಂಕುಳವರೆಗೂ ಗಂಟು ಕಟ್ಟಿ, ರವಿಕೆಯ ಬಟ್ಟೆ ತಾಕಿದರೂ ಜೀವ ಹೋಗುತ್ತಿತ್ತು. ಕುಡಿಯುವವರು ಯಾರೂ ಇಲ್ಲವೆಂದು ಆ ಹಾಲಿಗೆ ಯಾರು ಹೇಳಬೇಕು? ಅವ್ವ ಸಂತೆಯಿಂದ ಕಾಕಡಾ ಮಲ್ಲಿಗೆ ತಂದಳು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ. ಎರಡೂ ಕಡೆ ಹೂವಿಟ್ಟು, ಪಂಜೆಯ ಬಟ್ಟೆಯಿಂದ ಸುತ್ತಿ, ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದು ಗಂಟು ಹಾಕಿದಳು. ನಾನು ಕೂಗಿದೆ. "ಕೂಗು, ಬಿಗಿ ಸಡಲೂದಿಲ್ಲ" ಎಂದಳು. ಹೂವು ಬಾಡಿದಂತೆ ಬದಲಿಸುತ್ತಿದ್ದಳು. ಮುಡಿಗೆ ಹೂವು ಮುಡಿಸದ ಕೈ ಎದೆಗೆ ಹೂವು ಕಟ್ಟುತ್ತಿತ್ತು. ಇವತ್ತಿಗೂ ನಾನು ಮಲ್ಲಿಗೆ ಮುಡಿಯುವುದಿಲ್ಲ.

ಊಟವನ್ನೂ ಕಟ್ಟು ಮಾಡಿದಳು. ಒಣ ರೊಟ್ಟಿ, ಒಣ ಚಟ್ನಿ, ನೀರು ಕೇಳಿದರೆ ಅರ್ಧ ಲೋಟ. ಬೆಳ್ಳುಳ್ಳಿ ಇಲ್ಲ, ಮೆಂತ್ಯೆ ಇಲ್ಲ, ಹಾಲು ಇಲ್ಲ. ಸಬ್ಬಸಗಿಯಂತೂ ನನ್ನ ಕಣ್ಣಿಗೂ ಬೀಳಬಾರದು. ನನಗೆಂದೇ ಬಿತ್ತಿದ ಮೂರು ಮಡಿ ಕಿಟಕಿಯ ಕೆಳಗೆ ಹಸಿರಾಗಿ ನಿಂತಿತ್ತು, ನನಗೆ ಅದರ ಎಸಳೂ ಇಲ್ಲ. ಅವ್ವ ದಿನವೂ ಒಂದು ಸಿವುಡು ಕೊಯ್ದು ಗೋಡೆಯಾಚೆ ನಾನಿಗೆ ಕೊಡುತ್ತಿದ್ದಳು. ತನಗೆಂದು ಒಲೆಯ ಮೇಲೆ ಪಲ್ಯ ಮಾಡುತ್ತಿದ್ದಳು, ಒಗ್ಗರಣೆಯ ವಾಸನೆ ಮನೆಯೆಲ್ಲ ತುಂಬುತ್ತಿತ್ತು. ನನ್ನ ಎದುರೇ ಕೂತು ತಿನ್ನುತ್ತಿದ್ದಳು. ಹೆತ್ತ ತಾಯಿಗೆ ಇಷ್ಟು ಕಣ್ಣಲ್ಲಿ ರಕ್ತ ಇಲ್ಲದಂತಾಗುತ್ತದೆಯೇ ಎಂದು ನಾನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ.

ಗೋಡೆಯಾಚೆಯ ಕೂಸು ಅಳುವುದನ್ನು ನಿಲ್ಲಿಸಲಿಲ್ಲ. ನಾನಿಯ ಮಗಳಿಗೆ ಹೆರಿಗೆಯ ಬೆನ್ನಿಗೇ ಜ್ವರ ಬಂದು ಹಾಲು ಇಳಿದಿರಲಿಲ್ಲ. ಸಬ್ಬಸಗಿ ಕೊಟ್ಟರೆ ಆ ಹುಡುಗಿಗೆ ಅದರ ವಾಸನೆಯೇ ಆಗುತ್ತಿರಲಿಲ್ಲ, ಮೂಗು ಮುಚ್ಚಿಕೊಂಡು ಬಟ್ಟಲನ್ನು ದೂಡುತ್ತಿದ್ದಳು. ಅವ್ವ ಕಳಿಸಿದ ಸೊಪ್ಪೆಲ್ಲ ನಾನಿಯ ಆಡಿನ ಹೊಟ್ಟೆಗೆ ಹೋಗುತ್ತಿತ್ತು. ಕೂಸಿಗೆ ಆಡಿನ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಹಿಂಡುತ್ತಿದ್ದರು, ಅದು ಕುಡಿದಷ್ಟನ್ನೂ ಕಕ್ಕುತ್ತಿತ್ತು. ಅದು ಅತ್ತಾಗಲೆಲ್ಲ ನನ್ನ ಎದೆ ತಾನಾಗಿ ಸೋರಿ, ಮಲ್ಲಿಗೆ ನೆನೆದು, ಪಂಜೆ ನೆನೆದು, ಹಾಸಿಗೆ ಒದ್ದೆಯಾಗುತ್ತಿತ್ತು.

ನಾನಿ ಒಂದು ಮಧ್ಯಾಹ್ನ ಅಂಗಳಕ್ಕೆ ಬಂದು ನಿಂತಳು. ಅವಳ ತೋಳಲ್ಲಿ ಕೂಸಿತ್ತು, ಅಳುವ ಶಕ್ತಿಯೂ ಇಲ್ಲದೆ ಮುಲುಗುತ್ತಿತ್ತು.

"ಅಕ್ಕಾ, ನಿನ್ನ ಬೇಟಿ ಎದಿಯಾಗ ಹಾಲು ಸುಮ್ಮನ ಹೋಗಾಕತ್ತೈತಿ. ಈ ಜೀಂವಕ್ಕ ಒಂದು ಗುಟುಕು ಕುಡಸಲಿ. ಅಲ್ಲಾ ನಿಮಗ ಒಳ್ಳೇದು ಮಾಡ್ತಾನ."

"ಆಗೂದಿಲ್ಲ" ಎಂದಳು ಅವ್ವ.

ನಾನು ಎದ್ದು ಬಾಗಿಲಿಗೆ ಬಂದಿದ್ದೆ. ಕೈ ಚಾಚಿದ್ದೆ. ಅವ್ವ ನಡುವೆ ನಿಂತಳು. "ಒಳಗ ನಡಿ. ಮಂದಿ ಕೂಸಿಗೆ ಹಾಲು ಕುಡಿಸ್ಕೋತ ಕುಂತ್ರ ನಿನ್ನ ಮನಿ ಉಳೀತದೇನು? ಅಲ್ಲಿ ಒಬ್ಬಾಕಿ ತಯಾರಾಗಿ ಕುಂತಾಳ, ಕೇಳಿಲ್ಲೇನು?"

"ಕೂಸು ಸಾಯ್ತೈತಿ ಅವ್ವಾ" ಎಂದೆ.

"ನಿಂದೂ ಸತ್ತೈತಿ. ಜಗತ್ತು ನಿಂತಿಲ್ಲ" ಎಂದಳು. ನಾನಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಅವ್ವನಿಗೆ ಊರ ಹೊರಗೆ ಒಂದು ತುಂಡು ಹೊಲವಿತ್ತು, ಬಿಳಿಜೋಳದ ಕಾಲ, ಹಕ್ಕಿ ಕಾಯಲು ಅವಳು ದಿನವೂ ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದಳು. ಮರುದಿನ ಅವಳು ಓಣಿ ದಾಟಿದ ಕೂಡಲೇ ನಾನು ಹಿತ್ತಲ ಗೋಡೆಯ ಹತ್ತಿರ ಹೋಗಿ, "ನಾನೀ, ಕೊಡು" ಎಂದೆ. ನಾನಿ ಗೋಡೆಯ ಮೇಲಿಂದ ಕೂಸನ್ನು ಇಳಿಸಿದಳು. ಪಂಜೆ ಬಿಚ್ಚಿ ಬಿಸಾಕಿದೆ. ಅದು ಮೊದಲು ಬಾಯಿ ತಪ್ಪಿಸಿಕೊಂಡಿತು, ಆಮೇಲೆ ಹಿಡಿಯಿತು ನೋಡಿ! ಎಷ್ಟು ಜೋರಾಗಿ ಎಳೆಯಿತೆಂದರೆ ಕಾಲಿನ ಬೆರಳ ತುದಿಯವರೆಗೂ ನನಗೆ ತಿಳಿಯಿತು. ಸಬ್ಬಸಗಿ ಮಡಿಯ ಪಕ್ಕ ನೆಲದ ಮೇಲೆಯೇ ಕೂತು ಅಳುತ್ತ ನಗುತ್ತ ಕುಡಿಸಿದೆ. ನನ್ನ ಜೀವಮಾನದಲ್ಲಿ ಅಂಥ ಸಂತೋಷವನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆ ನನ್ನದೇ ಮಕ್ಕಳಾದವು, ಆಗಲೂ ಕಂಡಿಲ್ಲ.

ಅವ್ವ ಹೊಲಕ್ಕೆ ಹೋಗುವುದು, ಕೂಸು ಗೋಡೆ ದಾಟುವುದು, ಇದು ನಡೆಯಿತು. ಅವಳು ಬರುವ ಹೊತ್ತಿಗೆ ನಾನು ಪಂಜೆ ಕಟ್ಟಿಕೊಂಡು ಮುಖ ಸಪ್ಪೆ ಮಾಡಿ ಮಲಗಿರುತ್ತಿದ್ದೆ. ಆದರೆ ಒಣ ರೊಟ್ಟಿ ತಿಂದವಳಿಗೆ ಹಾಲು ಎಷ್ಟು ದಿನ ನಿಲ್ಲುತ್ತದೆ? ಕಡಿಮೆಯಾಗುತ್ತಿದೆ ಎಂದು ಕೂಸಿನ ಬಾಯೇ ಹೇಳುತ್ತಿತ್ತು. ನಾನು ಮಡಿಗೆ ಕೈ ಹಾಕಿದೆ. ಅಂಚಿನದು ಮುಟ್ಟಿದರೆ ತಿಳಿಯುತ್ತದೆಂದು ನಡುವಿನ ತುದಿಗಳನ್ನೇ ಚಿವುಟಿ, ತೊಳೆಯದೆ, ಮೇಲಿನ ಬೂದಿಯ ಸಮೇತ ಹಸಿಹಸಿಯಾಗಿ ಜಗಿದೆ. ಆಡು ಮೇಯ್ದಂತೆ ಮೇಯ್ದೆ. ಕೊಡದಿಂದ ನೀರು ಕುಡಿದೆ. ಹಾಲು ಮತ್ತೆ ತಿರುಗಿತು.

ನಾನು ಮರೆತದ್ದು ಒಂದೇ. ಹಸಿ ಸಬ್ಬಸಗಿ ತಿಂದವರ ತೇಗು ಅವರ ಮಾತು ಕೇಳುವುದಿಲ್ಲ. ಒಂದು ಮಧ್ಯಾಹ್ನ ಅವ್ವ ಬಂದು ನನ್ನ ಎದುರು ಕೂತು ಎಲೆ ಅಡಿಕೆ ಬಿಚ್ಚುತ್ತಿದ್ದಾಗ ಹೊಟ್ಟೆಯೊಳಗಿಂದ ದೊಡ್ಡದಾಗಿ ಬಂದುಬಿಟ್ಟಿತು. ಅವ್ವ ಕೈ ನಿಲ್ಲಿಸಿದಳು. ಹತ್ತಿರ ಬಂದು, ಎತ್ತಿನ ಹಲ್ಲು ನೋಡುವವರ ಹಾಗೆ ನನ್ನ ದವಡೆ ಹಿಡಿದು ಬಾಯಿ ತೆಗೆಸಿ ಮೂಸಿದಳು. ಹಿತ್ತಲಿಗೆ ಹೋಗಿ, ಮಡಿಯ ನಡುವೆ ಗಿಡ ಸರಿಸಿ ನೋಡಿದಳು. ತಾನು ಚಿವುಟಿದ ತುದಿ ಯಾವುದು, ಬೇರೆಯವರು ಚಿವುಟಿದ್ದು ಯಾವುದು ಎಂದು ತಿಳಿಯಲು ಅವಳಿಗೆ ಎಷ್ಟು ಹೊತ್ತು ಬೇಕು? ಗೋಡೆಯಾಚೆಗೆ ಕೂಗಿದಳು. "ಏ ನಾನಿ, ನನ್ನ ಮನಿ ಮುರೀಬೇಕಂತ ಮಾಡೀಯೇನು?"

ನಾನಿ ಅಳುತ್ತ ತಪ್ಪಾಯಿತೆಂದಳು. ನಾನು ಹೊಡೆತಕ್ಕೆ ಕಾದು ಕೂತಿದ್ದೆ. ಮಡಿಯನ್ನೆಲ್ಲ ಕಿತ್ತು ಹಾಕುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ, ಕಿತ್ತಿದ್ದರೆ ಬೇಕಾಗಿತ್ತು. ಅವ್ವ ಕುಡಗೋಲು ತೆಗೆದುಕೊಂಡು ಬುಡದಿಂದ ಎರಡು ಬೆರಳು ಬಿಟ್ಟು ಒಂದು ಮಡಿಯ ಸೊಪ್ಪನ್ನು ಪೂರ್ತಿ ಕೊಯ್ದಳು. ಹಾಗೆ ಕೊಯ್ದರೆ ಮತ್ತೆ ಚಿಗುರುತ್ತದೆ. ಉಡಿ ತುಂಬಿಕೊಂಡು ನಾನಿಯ ಮನೆಗೆ ಹೋದಳು. ಅವರ ಒಲೆಯಲ್ಲಿ ತಾನೇ ಬೆಂಕಿ ಮಾಡಿ, ಬೆಳ್ಳುಳ್ಳಿ ಜಜ್ಜಿ ಪಲ್ಯ ಮಾಡಿ, ತುಪ್ಪ ಹಾಕಿ, ನಾನಿಯ ಮಗಳ ಮುಂದೆ ಕೂತಳು.

"ತಿನ್ನು."

"ವಾಸನಿ ಬರ್ತೈತಿ, ಆಗೂದಿಲ್ಲ" ಎಂದಳಂತೆ ಅವಳು.

"ಹೆರೂ ಮುಂದ ವಾಸನಿ ಬರಲಿಲ್ಲೇನು? ತಿನ್ನು. ಕಕ್ಕಿದ್ರ ಮತ್ತ ಮಾಡಿ ತರ್ತೇನಿ. ಕದರಮಂಡಲಗಿ ಹನುಮಪ್ಪನ ಆಣಿ, ಬಟ್ಟಲ ಬರಿದಾಗೂತನಕ ನಾ ಏಳೂದಿಲ್ಲ."

ಹುಡುಗಿ ಕಕ್ಕಿದಳು. ಅವ್ವ ಮತ್ತೆ ಬಡಿಸಿದಳು. ಇದೇನು ಜುಲುಮ್ ಎಂದು ನಾನಿಯೇ ಅಡ್ಡ ಬಂದರೆ ಅವಳನ್ನೂ ಗದರಿದಳು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಕೂತು ತಿನ್ನಿಸಿದಳು. ಹೊಲದಲ್ಲಿ ಜೋಳವನ್ನು ಹಕ್ಕಿಗಳು ತಿಂದು ಹಾಕಿದವು, ಅವ್ವ ಆ ಕಡೆ ತಿರುಗಿ ನೋಡಲಿಲ್ಲ. ಮನೆಗೆ ಬಂದು ನನ್ನೆದುರು ಕೈ ತೊಳೆಯುತ್ತ ಹೇಳಿದಳು. "ಅಕಿಗೆ ಹಾಲು ಬರಸ್ತೇನಿ. ಆಮ್ಯಾಲೆ ನಿಂದು ಯಾರಿಗೆ ಬೇಕು ನೋಡೂಣು."

ಕೂಸು ಸಾಯಬೇಕೆಂದು ಅವ್ವನಿಗೂ ಇರಲಿಲ್ಲ. ಆ ಹುಡುಗಿಗೆ ಹಾಲು ಬರುವತನಕ ಅದನ್ನು ತಾನೇ ಎತ್ತಿಕೊಂಡು ಬಂದು ನನ್ನ ಮಡಿಲಿಗೆ ಹಾಕುತ್ತಿದ್ದಳು. ನನ್ನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಿದ್ದಳು. ಕೂಸು ಕಣ್ಣು ಮುಚ್ಚಿ ಒಳ್ಳೆ ಹದಕ್ಕೆ ಬಂದು ಕುಡಿಯುತ್ತಿರುವಾಗ, "ಸಾಕು" ಎಂದು ಅದರ ಬಾಯಿಯೊಳಗೆ ಕಿರುಬೆರಳು ತೂರಿಸಿ ಬಿಡಿಸಿ ಎತ್ತಿಕೊಳ್ಳುತ್ತಿದ್ದಳು. ಅದು ಚೀರುತ್ತಿತ್ತು. ನಾನೂ ಚೀರುತ್ತಿದ್ದೆ. ಮರುದಿನ ಅದಕ್ಕಿಂತ ಬೇಗ "ಸಾಕು" ಎನ್ನುತ್ತಿದ್ದಳು, ಅದರ ಮರುದಿನ ಇನ್ನೂ ಬೇಗ. ಆಮೇಲೆ ಒಂದು ದಿನ ತಂದರೆ ಒಂದು ದಿನ ತರುತ್ತಿರಲಿಲ್ಲ. ನಡುವೆ ಮಲ್ಲಿಗೆ, ಪಂಜೆ, ಅರ್ಧ ಲೋಟ ನೀರು. ಕೊಡವನ್ನು ಅಟ್ಟದ ಮೇಲೆ ಇಟ್ಟಿದ್ದಳು. ಹಿತ್ತಲ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಕೊರಳಿನ ದಾರಕ್ಕೆ ಕಟ್ಟಿಕೊಂಡಿದ್ದಳು. ನಾನು ಅವಳ ಕಾಲು ಹಿಡಿದೆ. ಎರಡನೆಯವಳು ಬಂದರೆ ಬರಲಿ, ನನಗೆ ಗಂಡನ ಮನೆ ಬೇಡ, ಇಲ್ಲೇ ಇದ್ದು ನಿನ್ನ ಮಡಿಗೆ ನೀರು ಹಾಕುತ್ತೇನೆ, ಈ ಕೂಸಿಗೆ ಹಾಲು ಕೊಡುತ್ತೇನೆ ಎಂದೆ.

"ಎಷ್ಟು ದಿನ ಕೊಡ್ತಿ? ಕೂಸು ಅಕಿದು. ಬ್ಯಾಡಗಿಗೆ ಎತಗೊಂಡು ಹೋಗ್ತಾಳ. ಆಮ್ಯಾಲೆ ನೀ ಯಾರ ಬಾಯಿಗೆ ಎದಿ ಕೊಡ್ತಿ?" ಎಂದು ಅವ್ವ ಕಾಲು ಬಿಡಿಸಿಕೊಂಡಳು.

ಗೆದ್ದವಳು ಅವ್ವನೇ. ನಾನಿಯ ಮಗಳಿಗೆ ಹಾಲು ಬಂತು. ಸ್ವಲ್ಪ ಬಂತು, ಆಮೇಲೆ ಬೇಕಾದಷ್ಟು ಬಂತು. ಸಬ್ಬಸಗಿಯೇ ತರಿಸಿತೋ, ಜ್ವರ ಬಿಟ್ಟದ್ದಕ್ಕೆ ಬಂತೋ ನನಗೆ ಗೊತ್ತಿಲ್ಲ. ಓಣಿಯವರೆಲ್ಲ ಅವ್ವನ ಕೈಗುಣ ಹೊಗಳಿದರು. ಗೋಡೆಯಾಚೆ ಅಳು ನಿಂತಿತು. ಆ ಅಳು ನಿಂತ ಮನೆಯಲ್ಲಿ ಮಲಗಿರುವುದು ನನಗೆ ಅಳು ಕೇಳುವುದಕ್ಕಿಂತ ಕಷ್ಟವಾಯಿತು.

ಉಗಾದಿಗೆ ಸ್ವಲ್ಪ ಮುಂಚೆ, ಅವ್ವ ನ್ಯಾಯಬೆಲೆ ಅಂಗಡಿಗೆ ಸೀಮೆಎಣ್ಣೆಗೆಂದು ಹೋಗಿದ್ದಾಗ, ನಾನು ಮುಂದಿನ ಬಾಗಿಲಿನಿಂದಲೇ ಹೊರಟು, ಓಣಿ ಸುತ್ತಿ ನಾನಿಯ ಮನೆಗೆ ಹೋದೆ. ಬಾಣಂತಿ ಮಲಗಿದ್ದಳು. ನಾನಿ ನನ್ನ ಮುಖ ನೋಡಿದಳು, ಕೂಸನ್ನು ಎತ್ತಿ ಕೊಟ್ಟಳು. ಕೆನ್ನೆ ತುಂಬಿತ್ತು, ತೊಡೆಯಲ್ಲಿ ಮಡಿಕೆ ಬಿದ್ದಿದ್ದವು. ಎದೆಗೆ ಹಚ್ಚಿದೆ. ಹಳೆಯ ಗುರುತಿಗೆ ಬಾಯಿ ಹಾಕಿತು. ಎಳೆಯಿತು. ಬಿಟ್ಟಿತು. ಮತ್ತೆ ಎಳೆಯಿತು. ಆ ಕಡೆ ಹಚ್ಚಿದೆ, ಅಲ್ಲೂ ಎಳೆದು ನೋಡಿತು. ಆಮೇಲೆ ಸಿಟ್ಟಿನಿಂದ ತಲೆ ಕೊಡವಿ, ಬೆನ್ನು ಬಿಲ್ಲು ಮಾಡಿ, ತಾಯಿ ಮಲಗಿದ್ದ ಕಡೆ ತಿರುಗಿ ಅಳತೊಡಗಿತು.

"ಆತು ಬೇಟಿ, ಕೊಡು" ಎಂದಳು ನಾನಿ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಯಾವಾಗ ಬಂದಳೋ ತಿಳಿಯದು. ಸೀಮೆಎಣ್ಣೆ ಡಬ್ಬಿ ಕೆಳಗಿಟ್ಟು, ಒಳಗೆ ಬಂದು, ನಾನಿಯ ಎದುರೇ ನನ್ನ ಎದೆಯನ್ನು ಎಮ್ಮೆಯ ಕೆಚ್ಚಲು ಹಿಂಡಿದಂತೆ ಹಿಂಡಿದಳು. ಒಂದು ಕಡೆ ಹಿಂಡಿದಳು, ಇನ್ನೊಂದು ಕಡೆ ಹಿಂಡಿದಳು. ಒಂದು ಹನಿ ಬರಲಿಲ್ಲ. ಅವ್ವನ ಮುಖ ಅರಳಿತು. ಅಷ್ಟು ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ಆಗಲೇ ನೋಡಿದ್ದು.

"ನೀ ಸಾಯಿ" ಎಂದೆ ನಾನು. "ನೀ ಸಾಯಬೇಕು. ನಿನ್ನ ಬಾಯಾಗ ಮಣ್ಣು ಬೀಳಬೇಕು."

"ಸಾಯ್ತೇನಿ ತಗೋ, ನಾ ಇಲ್ಲೇ ಇರಾಕ ಬಂದಿಲ್ಲ" ಎಂದು ಅವ್ವ ನನ್ನ ರವಿಕೆಯ ಗುಂಡಿ ಹಾಕಿದಳು. "ನೀ ಮಾತ್ರ ನಾಳೆ ಕುಪ್ಪೇಲೂರ ಬಸ್ಸು ಹತ್ತು."

ಮರುದಿನ ಬಸ್ಸು ಹತ್ತಿದೆ. ಮೂರನೆಯ ಮಡಿಯ ಕೊನೆಯ ಸೊಪ್ಪನ್ನು ಅವ್ವ ಬೀಗರಿಗೆಂದು ಒದ್ದೆ ಬಟ್ಟೆಯಲ್ಲಿ ಕಟ್ಟಿ ನನ್ನ ಮಡಿಲಿಗೆ ಹಾಕಿದ್ದಳು. ಕಿಟಕಿಯಿಂದ ಎಸೆಯಬೇಕೆಂದುಕೊಂಡೆ, ಎಸೆಯಲಿಲ್ಲ. ಕುಪ್ಪೇಲೂರಿನಲ್ಲಿ ಇಳಿದು ಮನೆಗೆ ಹೋದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವಳ ಹಿಂದೆ ಪಡಸಾಲೆಯಲ್ಲಿ ಅವಳ ತಮ್ಮನ ಮಗಳು ಹೊಸ ಸೀರೆಯುಟ್ಟು ಅಕ್ಕಿ ಆರಿಸುತ್ತಿದ್ದಳು. ಆ ಹುಡುಗಿ ನನ್ನನ್ನು ನೋಡಿ ಮೊರ ಹಿಡಿದ ಕೈ ನಿಲ್ಲಿಸಿದಳು. ಅತ್ತೆ ಸೊಪ್ಪಿನ ಗಂಟು ಇಸಿದುಕೊಂಡು ಮೂಸಿದಳು.

"ಹಾಲು ಬತ್ತೈತೇನು?" ಎಂದಳು.

"ಬತ್ತೈತ್ರಿ" ಎಂದೆ.

ಅತ್ತೆ ಪಕ್ಕಕ್ಕೆ ಸರಿದಳು. "ಹಂಗಾರ ಒಳಗ ಬಾ" ಎಂದಳು.